ಐರ್ಲೆಂಡಿನ ಮುತ್ತಜ್ಜ ಯಾವ ಊರಿನವ?

ಅಮೆರಿಕದ ಹಳೇ ಜನಗಣತಿ ತೆಗೆದರೆ, ಹುಟ್ಟಿದ ಜಾಗ ಅನ್ನೋ ಕಡೆ ಸಾಮಾನ್ಯವಾಗಿ ಇರೋದು ಇಷ್ಟೇ: ಐರ್ಲೆಂಡ್. ಯಾವ ಕೌಂಟಿ (ಜಿಲ್ಲೆ), ಯಾವ ಪ್ಯಾರಿಷ್ (ಚರ್ಚಿನ ವ್ಯಾಪ್ತಿಯ ಪ್ರದೇಶ)? ಸುದ್ದಿಯೇ ಇಲ್ಲ.

ಹಾಗಂತ ನೇರ ಡಬ್ಲಿನ್ ದಾಖಲೆಗಳಿಗೆ ಕೈಹಾಕಬೇಡಿ. ಐರ್ಲೆಂಡ್ ದ್ವೀಪದಲ್ಲಿ 60,000ಕ್ಕೂ ಹೆಚ್ಚು ಚಿಕ್ಕ ಭೂವಿಭಾಗಗಳು, ಅಂದರೆ ಟೌನ್‌ಲ್ಯಾಂಡ್‌ಗಳಿವೆ. ಬರೀ ಪ್ಯಾಟ್ರಿಕ್ ಮರ್ಫಿ ಅಂತ ಹುಡುಕಿದರೆ ಸಿಗೋರು ಒಬ್ಬಿಬ್ಬರಲ್ಲ! ಮೇಲಾಗಿ 1821ರಿಂದ 1851ರವರೆಗಿನ ಐರಿಷ್ ಜನಗಣತಿ ಬಹುಪಾಲು 1922ರ ಅಂತರ್ಯುದ್ಧದಲ್ಲಿ ಸುಟ್ಟುಹೋಯ್ತು. 1861, 1871ರದ್ದನ್ನ ಸರ್ಕಾರವೇ ಮೊದಲೇ ನಾಶ ಮಾಡಿತ್ತು.

ಮೊದಲು ನಿಮ್ಮ ಮುತ್ತಜ್ಜ ವಲಸೆ ಬಂದು ನೆಲೆಸಿದ ಊರಲ್ಲೇ ಹುಡುಕಿ. ಚರ್ಚಿನ ಮದುವೆ ಪುಸ್ತಕ, ಸಮಾಧಿ ಕಲ್ಲು, ಪತ್ರಿಕೆಯ ಮರಣವಾರ್ತೆ. ನ್ಯೂಯಾರ್ಕ್‌ನವರಾಗಿದ್ದರೆ, ನನಗೆ ಬಲು ಇಷ್ಟವಾದ್ದು 1850ರಲ್ಲಿ ಶುರುವಾದ ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕಿನ ಪುಸ್ತಕಗಳು. ದುಡ್ಡು ತೆಗೆಯೋಕೆ ಬಂದವರು ಅಸಲಿ ಗಿರಾಕಿಯೇ ಅಂತ ಪರೀಕ್ಷಿಸೋಕೆ ಗುಮಾಸ್ತರು ಹುಟ್ಟೂರು, ಬಂದ ಹಡಗು, ಅಪ್ಪ-ಅಮ್ಮ, ಒಡಹುಟ್ಟಿದವರ ವಿವರ ಬರೆದಿಡ್ತಿದ್ರು. ಬ್ಯಾಂಕಿನ ಅನುಮಾನ, ನಮಗೆ ಬಂಡವಾಳ!

ಊರು ಸಿಕ್ಕಿತಾ? ಈಗ ಗ್ರಿಫಿತ್ ವ್ಯಾಲ್ಯುಯೇಷನ್ ಅನ್ನೋ ಭೂ ಮೌಲ್ಯಮಾಪನದ ದಾಖಲೆ ತೆಗೆಯಿರಿ. 1847ರಿಂದ 1864ರ ನಡುವೆ ಯಾವ ಹೊಲ ಯಾರ ಗೇಣಿಯಲ್ಲಿತ್ತು ಅನ್ನೋದು ಹೆಸರು ಸಮೇತ ಅದರಲ್ಲಿದೆ. ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರ್‌ಗಳು ಐರ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತ. ಮದುವೆ ಸಾಮಾನ್ಯವಾಗಿ ಹೆಣ್ಣಿನ ಪ್ಯಾರಿಷ್‌ನಲ್ಲೇ ನಡೀತಿತ್ತು, ಹಾಗಾಗಿ ಪಕ್ಕದ ಪ್ಯಾರಿಷ್ ಪುಸ್ತಕವನ್ನೂ ಬಿಡಬೇಡಿ.