ಪರದೆಯ ಪರಕಾಯ ಪ್ರವೇಶ

ಹಸ್ತಿನಾವತಿಯ ಅರಮನೆಯಲ್ಲಿ ಕುರುಡ ಅರಸನ ಬಳಿ ಕುಳಿತು ಸಂಜಯನು ಕುರುಕ್ಷೇತ್ರವನ್ನು ಕಂಡನು. ಆದರೆ ಅವನಿಗೆ ದೊರೆತದ್ದು ನೋಡುವ ವರ ಮಾತ್ರ; ಅಲ್ಲಿನ ಒಂದು ಬಾಣವನ್ನಾದರೂ ಅತ್ತಿತ್ತ ಸರಿಸುವ ಶಕ್ತಿ ಅವನಿಗಿರಲಿಲ್ಲ. ಅಮರುಕ ರಾಜನ ಶರೀರವನ್ನು ಹೊಕ್ಕರೆಂದು ಕಥೆ ಹೇಳುವ ಶಂಕರರಾದರೋ ಪರಕಾಯದಿಂದಲೇ ನೋಡಿದರು, ನಡೆದರು, ನುಡಿದರು. ನಮ್ಮ ಕಾಲದ ಕಂಪ್ಯೂಟರು ಈ ಎರಡು ವಿದ್ಯೆಗಳನ್ನೂ ಕಲಿತುಕೊಂಡಿದೆ.

ಕಚೇರಿಯಲ್ಲಿ ಒಂದು ಕಂಪ್ಯೂಟರಿದೆ. ಅದರಲ್ಲಿ ನಡೆಯುವುದು ಲಿನಕ್ಸ್. ಮನೆಯಲ್ಲಿ ಮತ್ತೊಂದಿದೆ, ಅದನ್ನು ಆಳುವುದು ವಿಂಡೋಸ್. ಒಂದಕ್ಕೆಂದು ಬರೆದ ಪ್ರೋಗ್ರಾಮು ಮತ್ತೊಂದರಲ್ಲಿ ಸುಮ್ಮನೆ ಓಡದು. ಆದರೂ ಮನೆಯ ಪರದೆಯ ಮೇಲೊಂದು ಕಿಟಕಿ ತೆರೆದು, ಅದರೊಳಗೆ ಕಚೇರಿಯ ಕಂಪ್ಯೂಟರಿನ ಪರದೆ ಇದ್ದಂತೆಯೇ ಮೂಡುತ್ತದೆ. ಇಲ್ಲಿ ಮೌಸನ್ನು ಆಡಿಸಿದರೆ ಅಲ್ಲಿ ಬಾಣದ ಗುರುತು ಚಲಿಸುತ್ತದೆ. ಇಲ್ಲಿ ಒತ್ತಿದ ಅಕ್ಷರ ಅಲ್ಲಿ ಬೀಳುತ್ತದೆ. ಪರಸ್ಪರ ಭಾಷೆಯರಿಯದ ಎರಡು ಯಂತ್ರಗಳ ನಡುವೆ ಈ ಮೈತ್ರಿ ಹೇಗೆ ಸಾಧ್ಯವಾಯಿತು?

ಹಳೆಯ ಹಂಬಲ

ದೂರದ ಕಂಪ್ಯೂಟರನ್ನು ಕುಳಿತಲ್ಲಿಂದಲೇ ನಡೆಸುವ ಹಂಬಲ ಇಂದಿನದಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಎಂಬ ವಿಜ್ಞಾನಿಯು, ಸುಮಾರು 48 ಕಿಲೋಮೀಟರು ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಕಂಪ್ಯೂಟರನ್ನು ಸಭಾವೇದಿಕೆಯಿಂದಲೇ ನಡೆಸಿ ನೆರೆದವರನ್ನು ಬೆರಗುಗೊಳಿಸಿದರು. 1984ರಲ್ಲಿ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ‘ಎಕ್ಸ್’ ಎಂಬ ವ್ಯವಸ್ಥೆ ಹುಟ್ಟಿತು. ಒಂದು ಯಂತ್ರದಲ್ಲಿ ನಡೆಯುವ ಪ್ರೋಗ್ರಾಮು ಮತ್ತೊಂದಕ್ಕೆ, ‘ಇಲ್ಲಿ ಗೆರೆಯೆಳೆ, ಅಲ್ಲಿ ಈ ಅಕ್ಷರ ಬರೆ’ ಎಂದು ಆಜ್ಞಾಪಿಸುವುದು ಅದರ ರೀತಿ. ಆದರೆ ಆ ಆಜ್ಞೆಗಳನ್ನು ಅರಿತು ನಡೆಸುವ ಚಿತ್ರಗಾರನೊಬ್ಬ ಮತ್ತೊಂದು ತುದಿಯಲ್ಲಿ ಇರಲೇಬೇಕು. ನಡುವೆ ಸಂಪರ್ಕ ಕಡಿದರೆ ಪ್ರೋಗ್ರಾಮು ಸಾಮಾನ್ಯವಾಗಿ ಅಲ್ಲಿಗೇ ನಿಂತುಹೋಗುತ್ತಿತ್ತು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದವರು ಇದಕ್ಕಿಂತ ಸರಳವಾದ ದಾರಿ ಹಿಡಿದರು. ಆಂಡಿ ಹಾಪರ್, ಟ್ರಿಸ್ಟನ್ ರಿಚರ್ಡ್‌ಸನ್, ಕ್ವೆಂಟಿನ್ ಸ್ಟಾಫರ್ಡ್ ಫ್ರೇಸರ್, ಕೆನೆತ್ ವುಡ್ ಮೊದಲಾದವರು ಕಲ್ಪಿಸಿದ ಈ ವಿಧಾನಕ್ಕೆ ವಿ.ಎನ್.ಸಿ. ಎಂದು ಹೆಸರು. 1998ರಲ್ಲಿ ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಲೋಕಕ್ಕೆ ಬಿಟ್ಟುಕೊಟ್ಟರು. ಸಂಶೋಧನಾಲಯವು 2002ರಲ್ಲಿ ಮುಚ್ಚಿತು. ಆ ವಿಧಾನ ಮಾತ್ರ ಉಳಿಯಿತು.

ಚಿತ್ರವೇ ಸಾಮಾನ್ಯ ಭಾಷೆ

ಅದರ ಗುಟ್ಟು ಇಷ್ಟೇ: ಎಲ್ಲ ಪರದೆಗಳೂ ಕೊನೆಗೆ ಬಣ್ಣದ ಚುಕ್ಕೆಗಳ ರಂಗೋಲಿ. ಲಿನಕ್ಸ್ ಇರಲಿ, ವಿಂಡೋಸ್ ಇರಲಿ, ಚುಕ್ಕೆ ಚುಕ್ಕೆಯೇ. ಆದುದರಿಂದ ‘ಈ ಚೌಕವನ್ನು ಈ ಸ್ಥಳದಲ್ಲಿರಿಸು’ ಎಂಬ ಒಂದೇ ಮಾತು ಎರಡು ಕಡೆಯವರಿಗೂ ತಿಳಿದರೆ ಸಾಕು.

ಆದರೆ ಚುಕ್ಕೆಗಳೇನು ಅಲ್ಪವಲ್ಲ. ಅಡ್ಡ 1920, ಉದ್ದ 1080 ಚುಕ್ಕೆಗಳ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳಿವೆ. ಒಂದೊಂದರ ಬಣ್ಣಕ್ಕೆ 3 ಬೈಟುಗಳೆಂದರೆ ಒಂದು ಚಿತ್ರಕ್ಕೇ 62 ಲಕ್ಷ ಬೈಟುಗಳು ಮೀರುತ್ತವೆ. ಕ್ಷಣಕ್ಷಣವೂ ಇಷ್ಟನ್ನು ಹೊರುವುದು ಅಂದಿನ ತಂತಿಗಳ ಕೈಲಾಗದ ಕೆಲಸ. ಆದಕಾರಣ ಬದಲಾದ ಚೌಕವನ್ನಷ್ಟೇ ಕಳುಹಿಸುತ್ತಾರೆ. ಕಿಟಕಿಯೊಂದನ್ನು ಪಕ್ಕಕ್ಕೆ ಸರಿಸಿದರೆ, ‘ನಿನ್ನಲ್ಲಿರುವ ಆ ತುಂಡನ್ನೇ ಇಲ್ಲಿಗೆ ನಕಲು ಮಾಡು’ ಎಂಬ ಚಿಕ್ಕ ಸಂದೇಶ ಸಾಕು. ಅಲ್ಲದೆ ನೋಡುವ ಯಂತ್ರವು ಕೇಳಿದಾಗಲೇ ಹೊಸ ಚಿತ್ರ ಹೊರಡುತ್ತದೆ. ಸಂಪರ್ಕ ನಿಧಾನವಾಗಿದ್ದರೆ ಚಿತ್ರಗಳ ಸಂಖ್ಯೆ ಕುಗ್ಗುವುದೇ ಹೊರತು ಹಳೆಯವು ರಾಶಿಬೀಳುವುದಿಲ್ಲ.

ಇನ್ನೊಂದು ಸೋಜಿಗವಿದೆ. ಕೆಲಸವೆಲ್ಲ ನಡೆಯುವುದು ದೂರದ ಯಂತ್ರದಲ್ಲಿ. ಅರ್ಧ ವಾಕ್ಯ ಬರೆದು ಇಲ್ಲಿನ ಕಿಟಕಿಯನ್ನು ಮುಚ್ಚಿ, ಬೇರೊಂದು ಊರಿನ ಬೇರೊಂದು ಕಂಪ್ಯೂಟರಿನಿಂದ ಮತ್ತೆ ತೆರೆದರೆ, ಆ ವಾಕ್ಯ ನಿಂತಲ್ಲಿಯೇ ಕಾದಿರುತ್ತದೆ. ಮುಟ್ಟದಂತೆ ನೋಡಲಷ್ಟೇ ಅನುಮತಿಸುವ ಏರ್ಪಾಡೂ ಇದೆ. ಅದು ಸಂಜಯನ ಪಾಲಿಗೆ ಬಂದ ವರ.

ಕಾವಲು ಯಾರದು?

ಇಷ್ಟು ಸುಲಭವಾಗಿ ಒಳಹೊಗಬಹುದಾದ ಕಾಯಕ್ಕೆ ಕಾವಲು ಬೇಡವೆ? ಮೂಲದ ವಿ.ಎನ್.ಸಿ.ಯಲ್ಲಿ ಗುಪ್ತಪದದ ಮೊದಲ 8 ಅಕ್ಷರಗಳಿಗೆ ಮಾತ್ರ ಬೆಲೆ. ಬಾಗಿಲು ದಾಟಿದ ಮೇಲೆ ಚಿತ್ರವೂ, ಒತ್ತಿದ ಅಕ್ಷರಗಳೂ ಮುಚ್ಚುಮರೆಯಿಲ್ಲದೆ ಸಾಗುತ್ತಿದ್ದವು. ದಾರಿಯಲ್ಲಿ ಹೊಂಚುಹಾಕಿದವನು ಓದಬಹುದಾಗಿತ್ತು. ಬಲ್ಲವರು ಆ ಸಂಪರ್ಕವನ್ನು, 1995ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಎಸ್.ಎಸ್.ಎಚ್. ಎಂಬ ಗೂಢಲಿಪಿಯ ಸುರಂಗದೊಳಗಿಂದ ಸಾಗಿಸುತ್ತಾರೆ.

ಆದರೆ ಮನೆಯವರೇ ಬಾಗಿಲು ತೆರೆದುಕೊಟ್ಟರೆ ಯಾವ ಗೂಢಲಿಪಿ ಏನು ಮಾಡೀತು? ಪರದೆಯನ್ನು ಹಂಚಿಕೊಳ್ಳುವ ಇಂತಹುದೇ ವಿದ್ಯೆ ಮೊಬೈಲ್ ಫೋನಿಗೂ ಬಂದ ಮೇಲೆ ವಂಚಕರು ಅದನ್ನು ಬಳಸಿಕೊಂಡರು. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಈ ಕುರಿತು ಬ್ಯಾಂಕುಗಳನ್ನು ಎಚ್ಚರಿಸಿತು. ವಂಚಕನು ಯಾವುದೋ ನೆಪ ಹೇಳಿ ಒಂದು ಆ್ಯಪನ್ನು ಹಾಕಿಸುತ್ತಾನೆ, ಪರದೆಯಲ್ಲಿ ಮೂಡುವ 9 ಅಂಕಿಗಳನ್ನು ಕೇಳುತ್ತಾನೆ, ಅನುಮತಿಗಳನ್ನು ಒತ್ತಿಸುತ್ತಾನೆ. ಆಮೇಲೆ ಫೋನು ನಮ್ಮ ಕೈಯಲ್ಲಿ, ಹಣ ಅವನ ವಶದಲ್ಲಿ!

ನಾವಾಗಿ ಕರೆದ, ಬಲ್ಲ ವ್ಯಕ್ತಿಗಲ್ಲದೆ ಆ ಅಂಕಿಗಳನ್ನು ಹೇಳಕೂಡದು. ಕೆಲಸ ಮುಗಿದೊಡನೆ ಸಂಪರ್ಕವನ್ನು ಕಡಿದುಹಾಕಬೇಕು. ಪರಕಾಯಕ್ಕೆ ಹೊರಟ ಶಂಕರರು ತಮ್ಮ ದೇಹವನ್ನು ಗುಹೆಯಲ್ಲಿರಿಸಿ, ಶಿಷ್ಯರನ್ನು ಕಾವಲಿಗೆ ನಿಲ್ಲಿಸಲು ಮರೆಯಲಿಲ್ಲವೆಂದು ಕಥೆ ಹೇಳುತ್ತದೆ. ಮಹಾಯೋಗಿಗೇ ಬೇಕಾಗಿದ್ದ ಕಾವಲು ನಮಗೆ ಬೇಡವೆ?