ಮುರಿದ ಯೆಜ್ಡಿಗೆ ಯಾವ ರೂಪ?

ಅಜ್ಜಂಪುರದ ಮನೆಯೊಂದರ ಕೊಟ್ಟಿಗೆಯಲ್ಲಿ ಅಪಘಾತಕ್ಕೀಡಾದ ಹಳೆಯ ಯೆಜ್ಡಿಯೊಂದು ಬಿದ್ದಿದೆಯೆನ್ನಿ. ಕಡೂರು, ತರೀಕೆರೆಗಳಿಗೆ ತಂದೆಯವರು ಅದರ ಮೇಲೆಯೇ ಹೋಗಿಬರುತ್ತಿದ್ದರು. ಮಗನಿಗಾದರೋ ಮುಂದಿನ ಫೋರ್ಕನ್ನು ಉದ್ದಮಾಡಿ, ಹ್ಯಾಂಡಲನ್ನೆತ್ತರಿಸಿ ‘ಚಾಪರ್’ ಮಾಡಿಸುವ ಹಂಬಲ. 1969ರ ‘ಈಸಿ ರೈಡರ್’ ಚಿತ್ರವು ಲೋಕಕ್ಕೆ ಹಬ್ಬಿಸಿದ ಮೋಹವದು.

ಆದರೆ ಮುಂಚಕ್ರ ದೂರ ಸರಿದಷ್ಟೂ ಕಿರಿದಾದ ತಿರುವಿನಲ್ಲಿ ಗಾಡಿ ಮಾತು ಕೇಳದು. ತಯಾರಕರ ಮೂಲರಚನೆಯನ್ನು ಬದಲಿಸಲು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅಡ್ಡ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಸ್ಪಷ್ಟಪಡಿಸಿತು.

ಇನ್ನೊಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. ಕಿಕ್ಕರೇ ಗೇರಿನ ಕೋಲೂ ಆಗುವ ಆ ಗಾಡಿಯ ಚಾಸಿಯನ್ನೊಮ್ಮೆ ಕತ್ತರಿಸಿದರೆ ಹಳೆಯ ರೂಪ ಮರಳಿ ಬಾರದು.

ಚಾಸಿ ಬಿರುಕುಬಿಟ್ಟಿಲ್ಲವೆಂದು ಬಲ್ಲ ಮೆಕ್ಯಾನಿಕ್ಕನಿಂದ ಖಚಿತಪಡಿಸಿಕೊಂಡು, ಇದ್ದಂತೆಯೇ ಕಟ್ಟಿಸುವುದು ಮೇಲು. ಬಿರುಕಿದ್ದರೆ ನೆನಪಿಗೆಂದು ಕೊಟ್ಟಿಗೆಯಲ್ಲಿಯೇ ಉಳಿಸಿರಿ. ಮಗನನ್ನು ಮಾತ್ರ ಅದರ ಮೇಲೆ ರಸ್ತೆಗೆ ಕಳುಹಿಸಬೇಡಿರಿ.