ಐರಾವತ ಯೋಜನೆ: ಹಿನ್ನೋಟದ ವಿವೇಕ ಮತ್ತು ಹೊಣೆಗಾರಿಕೆಯ ಪ್ರಶ್ನೆ

ಸೇನಾ ವಿಮಾನಗಳ ಆಯ್ಕೆಯ ಇತಿಹಾಸವನ್ನು ರಚಿಸುವವರಿಗೆ ಎದುರಾಗುವ ಮೊದಲ ತೊಡಕೆಂದರೆ ಫಲಿತಾಂಶದ ಅರಿವು. ಬಾರೂಕ್ ಫಿಶ್‌ಹಾಫ್ ಅವರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 1814ರ ಆಂಗ್ಲ–ಗೂರ್ಖಾ ಸಂಘರ್ಷದ ವಿವರವನ್ನು ಓದಿದವರು, ತಮಗೆ ಯಾವ ಫಲಿತಾಂಶವನ್ನು ನಿಜವೆಂದು ತಿಳಿಸಲಾಗಿತ್ತೋ ಅದೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ಭಾವಿಸಿದರು. ಬೆಂಗಳೂರಿನಲ್ಲಿ ರೂಪುಗೊಂಡ ಕಣ್ಗಾವಲು ವಿಮಾನದ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ಭೂಮಿಯ ವಕ್ರತೆಯಿಂದಾಗಿ ನೆಲದ ಮೇಲಿನ ರಾಡಾರಿಗೆ ತಗ್ಗಿನಲ್ಲಿ ಹಾರಿಬರುವ ವಿಮಾನವು ದೂರದಿಂದ ಗೋಚರಿಸದು. ಆದ್ದರಿಂದ ರಾಡಾರನ್ನೇ ಆಕಾಶಕ್ಕೇರಿಸುವ ಪ್ರಯತ್ನವು 1980ರ ದಶಕದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿಂದ ಆರಂಭವಾಯಿತು. ಕಾನ್ಪುರದ ಎಚ್‌ಎಎಲ್ ಘಟಕದಲ್ಲಿ ತಯಾರಾದ, ವಾಯುಪಡೆಗೆ ಚಿರಪರಿಚಿತವಾಗಿದ್ದ ಎಚ್‌ಎಸ್-748 ಆವ್ರೊ ವಿಮಾನದ ಬೆನ್ನಿನ ಮೇಲೆ ತಿರುಗುವ ರಾಡಾರ್ ಗುಮ್ಮಟವನ್ನು ಅಳವಡಿಸಲಾಯಿತು. 1999ರ ಜನವರಿ 11ರಂದು ಅರಕ್ಕೋಣದ ಬಳಿ ಈ ವಿಮಾನವು ಪತನಗೊಂಡು, ವಿಜ್ಞಾನಿಗಳೂ ವಾಯುಪಡೆಯ ಸಿಬ್ಬಂದಿಯೂ ಸೇರಿ ಎಂಟು ಮಂದಿ ಮೃತಪಟ್ಟರು. ಯೋಜನೆ ಅಲ್ಲಿಗೇ ನಿಂತಿತು.

ಆವ್ರೊ ವಿಮಾನದ ಆಯ್ಕೆಯೇ ತಪ್ಪಾಗಿತ್ತೆಂಬ ವಾದವು ಎರಡು ಭಿನ್ನ ಸಂಗತಿಗಳನ್ನು ಬೆರೆಸುತ್ತದೆ. ಅದರ ಎಂಜಿನ್ನುಗಳ ಶಕ್ತಿ, ಏರಬಲ್ಲ ಎತ್ತರ, ಒಳಗಿನ ಸ್ಥಳಾವಕಾಶ ಇವುಗಳ ಮಿತಿ ಆಯ್ಕೆಯ ದಿನವೇ ತಿಳಿದಿದ್ದವು. ಅವುಗಳ ಬಗ್ಗೆ ಪ್ರಶ್ನಿಸುವುದು ನ್ಯಾಯ. ಆದರೆ ಅಂದು ಉದ್ದೇಶವಿದ್ದುದು ತಂತ್ರಜ್ಞಾನದ ಪರೀಕ್ಷೆಯೇ ಹೊರತು ಯುದ್ಧಸನ್ನದ್ಧ ವಿಮಾನವಲ್ಲ. ಪರೀಕ್ಷೆಗೆ, ತಾನೇ ತಯಾರಿಸಿ ಬಲ್ಲ ವಿಮಾನವನ್ನು ಆರಿಸಿಕೊಳ್ಳುವುದು ಅವಿವೇಕವೆನಿಸದು. ಪತನವೊಂದನ್ನೇ ಆಧಾರವಾಗಿಟ್ಟು ಆಯ್ಕೆಯನ್ನು ಅಳೆಯಲಾಗದು.

ಹಿನ್ನೋಟದ ದೋಷ ವಿರುದ್ಧ ದಿಕ್ಕಿನಲ್ಲಿಯೂ ಕೆಲಸಮಾಡುತ್ತದೆ. 2004ರಲ್ಲಿ ಇಸ್ರೇಲಿನಿಂದ ಮೂರು ಫಾಲ್ಕನ್ ವ್ಯವಸ್ಥೆಗಳನ್ನು ಕೊಳ್ಳುವ ಒಪ್ಪಂದವಾಯಿತು. ಅದೇ ವರ್ಷ ದೇಶೀಯ ಯೋಜನೆಗೂ ಮರುಜೀವ ಬಂದಿತು. ಬ್ರೆಜಿಲಿನ ಎಂಬ್ರೇಯರ್ ವಿಮಾನದ ಮೇಲೆ ಬೆಂಗಳೂರಿನ ಕ್ಯಾಬ್ಸ್ ಪ್ರಯೋಗಾಲಯವು ರೂಪಿಸಿದ 'ನೇತ್ರ' 2017ರ ಫೆಬ್ರವರಿ 14ರಂದು ಯಲಹಂಕದಲ್ಲಿ ವಾಯುಪಡೆಗೆ ಹಸ್ತಾಂತರಗೊಂಡಿತು. ಈ ಯಶಸ್ಸನ್ನು ಕಂಡವರಿಗೆ 1999ರಲ್ಲಿ ಕೆಲಸ ನಿಲ್ಲಿಸಿದ್ದೇ ಪ್ರಮಾದವೆಂದು ತೋರಬಹುದು. ಆದರೆ ಅನುಭವಿಗಳನ್ನೂ ವಿಮಾನವನ್ನೂ ಏಕಕಾಲಕ್ಕೆ ಕಳೆದುಕೊಂಡವರ ಮುಂದೆ 'ನೇತ್ರ' ಇರಲಿಲ್ಲ.

ಆದಕಾರಣ ಇಂತಹ ನಿರ್ಣಯಗಳ ಅಧ್ಯಯನದಲ್ಲಿ ಮೂರು ಪ್ರಶ್ನೆಗಳು ಮುಖ್ಯವಾಗುತ್ತವೆ: ಆ ದಿನ ಏನು ತಿಳಿದಿತ್ತು? ಬೇರೆ ಯಾವ ದಾರಿಗಳು ತೆರೆದಿದ್ದವು? ತಿಳಿದೂ ಒಪ್ಪಿಕೊಂಡ ಅಪಾಯದ ಭಾರ ಯಾರ ಮೇಲೆ ಬಿದ್ದಿತು? ಇವುಗಳಿಗೆ ಉತ್ತರಿಸದೆ ಹೊರಿಸುವ ಹೊಣೆ ಇತಿಹಾಸವಾಗದು. ಮುಂದಿನವರಲ್ಲಿ ಪ್ರಯೋಗದ ಭೀತಿಯನ್ನಷ್ಟೇ ಉಳಿಸುತ್ತದೆ. ಹಾಗೆಂದು ಮೂರನೆಯ ಪ್ರಶ್ನೆಯನ್ನು ಮರೆತು ನೀಡುವ ಕ್ಷಮೆಯು ಆ ಎಂಟು ಮಂದಿಗೆ ಸಲ್ಲಬೇಕಾದ ನ್ಯಾಯವೂ ಆಗದು.